ಚಿತ್ತೆ ಮಳೆಯಲ್ಲಿ ಉಬುಂಟು

ಚಿತ್ತೆ ಮಳೆ ಮುಗಿಯುವವರೆಗೆ ಶಿರಸಿ ಕಡೆಯವರು ಕಂಪ್ಯೂಟರಿನ ರಿಪೇರಿಗೆ ಕೈ ಹಾಕಬಾರದು. ಬೆಳಿಗ್ಗೆ ಚುರುಗುಟ್ಟುವ ಬಿಸಿಲು. ಮಧ್ಯಾಹ್ನ ಉಂಡು ಕವಳ ಹಾಕುವಷ್ಟರಲ್ಲಿ ಮೂಡಣ ಕಪ್ಪಾಗಿರುತ್ತದೆ, ಮೂರು ಗಂಟೆಗೆ ಗುಡುಗು ಶುರು.

ಆದರೆ ಮುಹೂರ್ತ ನಾನಿಟ್ಟದ್ದಲ್ಲ. ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದಾದರೂ ಇರಬೇಕು. ನಮ್ಮದು ಆರನೆಯದು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಕುಲಗೋತ್ರ ಕೇಳಿ ಗುಜರಿಗೆ ಕಳಿಸುವುದು ಯಾವ ನ್ಯಾಯ? ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ, ಆದರೆ ಪುಕ್ಕಟೆ ಸಿಗುವ ಉಬುಂಟು ಹಾಕುವುದೆಂದಾಯಿತು. ವಿಂಡೋಸನ್ನು ಪೂರ್ತಿ ತೆಗೆಯುವ ಹಾಗೂ ಇರಲಿಲ್ಲ. ಅಪ್ಪಯ್ಯ ಟೈಪ್ ಮಾಡಿಟ್ಟ ದೇವಸ್ಥಾನದ ಲೆಕ್ಕ, ಮನೆತನದ ವಂಶಾವಳಿ ಎಲ್ಲವೂ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ, ಬರುವುದಕ್ಕೆ ಮುಂಚಿನ ಫಾಂಟಿನಲ್ಲಿವೆ. ಬೇರೆ ಕಡೆ ತೆರೆದರೆ ಇರುವೆ ಸಾಲು ಚದುರಿದ ಹಾಗೆ ಕಾಣುತ್ತವೆ. ಹಾಗಾಗಿ ಒಂದೇ ಡಿಸ್ಕಿನಲ್ಲಿ ಎರಡೂ ಇರಬೇಕು.

ಉಬುಂಟು ತುಂಬಿದ ಪೆನ್‌ಡ್ರೈವ್ ಸಿದ್ಧ ಮಾಡಿದ್ದು, ಎಫ್12 ಒತ್ತಿ ಅದರಿಂದಲೇ ಕಂಪ್ಯೂಟರ್ ಹೊತ್ತಿಸಿದ್ದು ಸುಲಭದಲ್ಲೇ ಆಯಿತು. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಮಾತ್ರ ಸ್ವಲ್ಪ ಸತಾಯಿಸಿತು. ಶಟ್‌ಡೌನ್ ಕೊಟ್ಟರೂ ಅದು ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಅದನ್ನು ಬಂದ್ ಮಾಡಿ, ಉಬುಂಟುವಿಗೆ ಜಾಗ ಬಿಡಿಸಿ, ಫೈಲುಗಳ ನಕಲು ಶುರು ಮಾಡಿದೆ. ಗೆರೆ ಮುಕ್ಕಾಲು ಭಾಗ ತುಂಬಿತ್ತು. ಆಗ ಎಲ್ಲೋ ಗುಡುಗಿತು.

ನಮ್ಮ ಅಪ್ಪಯ್ಯನಿಗೆ ಗುಡುಗು ಊರಿನವರಿಗೆಲ್ಲ ಕೇಳಿಸುವ ಮೊದಲೇ ಕೇಳಿಸುತ್ತದೆ. ಅಂಗಳದಲ್ಲಿ ನಿಂತು ಅದು ಯಾವ ಊರಿನದೆಂದು ನಿರ್ಣಯಿಸುತ್ತಾನೆ. 'ಇದು ಹುಲೇಕಲ್ಲಿನದು.' 'ಇದು ಯಾಣದ ಬದಿಯದು.' ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರವೆಂದು ಹೆಚ್ಚುಕಡಿಮೆ ಸಿಗುತ್ತದೆ, ಯಾಣದಷ್ಟು ದೂರದ್ದು ಇಲ್ಲಿಗೆ ಕೇಳಿಸುವುದೇ ಇಲ್ಲ ಎಂದು ಹೇಳಿ ನೋಡಿದೆ. 'ನಿನಗೆ ಕೇಳಿಸುವುದಿಲ್ಲ' ಎಂದ.

ಆಮೇಲೆ ಪ್ಲಗ್ ಕೀಳುವ ಕಾರ್ಯಕ್ರಮ. ಮೊದಲು ಟಿವಿ, ಅದರ ಹಿಂದೆಯೇ ಡಿಶ್ ವೈರು, ಮೋಡೆಮ್, ಫ್ರಿಜ್. ಮಿಕ್ಸರನ್ನೂ ಬಿಡುವುದಿಲ್ಲ, ಅದು ಬೆಳಗಿನ ದೋಸೆಹಿಟ್ಟು ರುಬ್ಬಿ ಸುಮ್ಮನೆ ಕುಳಿತಿದ್ದರೂ. ಕಿತ್ತ ಪ್ಲಗ್ಗನ್ನು ಹಾಗೇ ನೇತಾಡಲು ಬಿಡುವ ಪೈಕಿಯಲ್ಲ. ವೈರನ್ನು ನೀಟಾಗಿ ಸುತ್ತಿ ಗೋಡೆಯಿಂದ ಒಂದು ಮೊಳ ದೂರ ಇಡುತ್ತಾನೆ, ಸಿಡಿಲು ಸಾಕೆಟ್ಟಿನಿಂದ ಹಾರಿ ಬಂದರೂ ತಾಗಬಾರದು. ಕಂಪ್ಯೂಟರಿನ ಪಾಳಿ ಕೊನೆಯದು. ಅದರ ಸಾಕೆಟ್ ಮೇಜಿನ ಹಿಂದೆ, ಜೇಡರ ಬಲೆಯೊಳಗೆ. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಂಡಿಯೂರಿದ ಅಪ್ಪಯ್ಯನ ಬೆನ್ನಷ್ಟೇ ನನಗೆ ಕಾಣುತ್ತಿತ್ತು.

'ಅಪ್ಪಯ್ಯ, ಐದೇ ನಿಮಿಷ ತಡೆ.'

ಟಾರ್ಚ್ ತೆಗೆದು ಹೇಳಿದ: 'ಸಿಡಿಲಿಗೆ ಐದು ನಿಮಿಷ ಬೇಡ, ತಮಾ.'

ಪರದೆ ಕಪ್ಪಾಯಿತು. ಬ್ಯಾಟರಿ ಸತ್ತ ಯುಪಿಎಸ್ ಒಮ್ಮೆ ಕುಂಯ್ ಎಂದು ಸುಮ್ಮನಾಯಿತು. ಆ ಗುಡುಗು ಮತ್ತೆ ಬರಲಿಲ್ಲ, ಹನಿ ಮಳೆಯೂ ಬೀಳಲಿಲ್ಲ. ಡಿಸ್ಕಿನಲ್ಲಿ ವಿಂಡೋಸಿನಿಂದ ಕಿತ್ತುಕೊಂಡ ಜಾಗವಿತ್ತು, ಅಲ್ಲಿ ಉಬುಂಟು ಮಾತ್ರ ಇರಲಿಲ್ಲ.

ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಹಿಂದೊಮ್ಮೆ ಸಿಡಿಲು ಬಡಿದು ನಮ್ಮ ಲ್ಯಾಂಡ್‌ಲೈನ್ ಫೋನು ಕರಕಲಾಗಿತ್ತು. ಅಂದಿನಿಂದ ಮೋಡ ಕಂಡರೆ ಸಾಕು, ಅಪ್ಪಯ್ಯ ಫೋನಿನ ವೈರು ಕಿತ್ತಿಡುತ್ತಿದ್ದ. ನಾನಾಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ. ಎಸ್‌ಟಿಡಿ ಬೂತಿನಲ್ಲಿ ಸರದಿ ನಿಂತು ಹಚ್ಚಿದರೆ ಆ ಕಡೆ ರಿಂಗಾಗುತ್ತಲೇ ಇರುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಊರಿನಲ್ಲಿ ಮಳೆ ಎಂದುಕೊಂಡು ಹಿಂದಿರುಗುತ್ತಿದ್ದೆ. ಮನೆಯ ಸುದ್ದಿ ಎಂದು ಅಂದು ಸಿಗುತ್ತಿದ್ದದ್ದು ಅಷ್ಟೇ.

ಇರಲಿ. ಕೊನೆಗೆ ಬೆಳಗಿನ ಜಾವ ಎದ್ದು, ನಕ್ಷತ್ರ ಕಾಣುತ್ತಿರುವಾಗಲೇ ಉಬುಂಟು ಹಾಕಿ ಮುಗಿಸಿದೆ. ಕನ್ನಡ ಅಕ್ಷರಗಳು ಒತ್ತು, ದೀರ್ಘ ಯಾವುದನ್ನೂ ನುಂಗದೆ ಮೂಡಿದವು. ಕಂಪ್ಯೂಟರ್ ಹೊತ್ತಿಸಿದರೆ ಯಾವುದು ಬೇಕೆಂದು ಕೇಳುವ ಗ್ರಬ್ ಪಟ್ಟಿಯೂ ಬಂತು. ಇಂಟರ್ನೆಟ್ಟಿಗೆಲ್ಲ ಉಬುಂಟು, ಹಳೆಯ ಲೆಕ್ಕಕ್ಕೆ ಇಂಟರ್ನೆಟ್ಟಿಲ್ಲದ ವಿಂಡೋಸ್ ಎಂದು ಗೊತ್ತು ಮಾಡಿದೆ.

ಮರುದಿನ ಐದು ಗಂಟೆಗೆ ಎದ್ದ ಅಪ್ಪಯ್ಯ ವಿಂಡೋಸಿನಲ್ಲಿ ದೇವಸ್ಥಾನದ ರಸೀದಿ ತೆಗೆದರೆ ಅದರ ಮೇಲೆ ಹಿಂದಿನ ದಿನದ ತಾರೀಕು! ಗಡಿಯಾರ ರಾತ್ರಿ ಹನ್ನೊಂದೂವರೆ ತೋರಿಸುತ್ತಿತ್ತು. ಉಬುಂಟು ಯಂತ್ರದ ಒಳಗಡಿಯಾರವನ್ನು ಗ್ರೀನಿಚ್ ಲೆಕ್ಕದ ಯುಟಿಸಿಯಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯವೆಂದು ಓದುತ್ತದೆ. ಭಾರತದಲ್ಲಿ ಇವೆರಡರ ಅಂತರ ಐದೂವರೆ ಗಂಟೆ.

ಇನ್ನೇನು ರಂಪವಾಗುತ್ತದೆ ಎಂದು ಕಾದೆ. ಅಪ್ಪಯ್ಯ ಖುಷಿಯಾಗಿದ್ದ. 'ಸೂರ್ಯೋದಯದವರೆಗೆ ಹಿಂದಿನ ದಿನವೇ ಅಲ್ಲವೇ? ಪಂಚಾಂಗ ತಿಳಿದವರು ಮಾಡಿದ್ದು ಇದು.' ಗ್ರೀನಿಚ್ ವಿಚಾರ ಬಿಡಿಸಿ ಹೇಳಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಅದು ಬೆಳಗಿನ ಏಳೂವರೆ ಎನ್ನುವುದನ್ನೂ ತೋರಿಸಿದೆ. 'ನಾವು ಆ ಹೊತ್ತಿಗೆ ಊಟಕ್ಕೆ ಕೂತಿರುತ್ತೇವೆ, ಅದನ್ನು ನೋಡುವವರು ಯಾರು?' ಎಂದ.

ಉಬುಂಟುವಿನಲ್ಲಿ ಒಂದು ಸಾಲಿನ ಆದೇಶ ಕೊಟ್ಟು ಎರಡನ್ನೂ ಊರಿನ ಸಮಯಕ್ಕೆ ತಂದಿಟ್ಟೆ. ಈಗ ಮನೆಗೆ ಬಂದವರೆದುರೆಲ್ಲ ಒಂದೇ ದೂರು: ಕಂಪ್ಯೂಟರ್ ಮೊದಲು ಸರಿಯಾಗಿಯೇ ಇತ್ತು, ಇವನು ಕೈಯಾಡಿಸಿ ಕೆಡಿಸಿದ.