ನೊಬೆಲ್ ಬಂತು, ಓದುಗರು ಆಮೇಲೆ ಬಂದರು

ಅಮೆರಿಕದ ಯಾವ ಲೈಬ್ರರಿಗೆ ಹೋದರೂ ಭಯಾನಕ ಕಾದಂಬರಿಗಳ ಸ್ಟೀಫನ್ ಕಿಂಗ್ ಪುಸ್ತಕಗಳೇ ಸಾಲುಗಟ್ಟಿ ಕೂತಿರುತ್ತವೆ. ನೊಬೆಲ್ ಪಡೆದ ಕಪ್ಪು ಲೇಖಕಿ ಟೋನಿ ಮಾರಿಸನ್ ಬರೆದದ್ದು ಬರೀ 11 ಕಾದಂಬರಿ. ಮಾರಾಟದಲ್ಲಿ ಕಿಂಗ್ ಎಲ್ಲಿ, ಇವರೆಲ್ಲಿ! ಆದರೂ ನಾನಿರುವ ಓಹಾಯೋದಲ್ಲಿ ಮಾರಿಸನ್ ಹೆಸರು ಕೇಳದ ಹೈಸ್ಕೂಲ್ ಹುಡುಗರು ಸಿಗುವುದು ಕಷ್ಟ. ಅವರು ಹುಟ್ಟಿದ್ದೂ ಇದೇ ರಾಜ್ಯದ ಲೊರೇನ್ ಊರಲ್ಲಿ. ಅಲ್ಲಿನ ಲೈಬ್ರರಿಯಲ್ಲಿ ಅವರ ಹೆಸರಿನ ಓದುವ ಕೋಣೆಯೇ ಇದೆ.

ಅವರ ಬರಹ ಸುಲಭದ್ದೇನಲ್ಲ. 'ಬಿಲವೆಡ್' ಶುರುವಾಗುವುದೇ ಸಿಟ್ಟಿನಿಂದ ಕುದಿಯುವ 124 ನಂಬರಿನ ಒಂದು ಮನೆಯಿಂದ. ಯಾರ ಸಿಟ್ಟು, ಯಾಕೆ ಸಿಟ್ಟು ಅಂತ ತಿಳಿಯಲು ಎಷ್ಟೋ ಪುಟ ಕಾಯಬೇಕು. ಈ ಕಾದಂಬರಿಗೆ ಅಮೆರಿಕದ ದೊಡ್ಡ ಪ್ರಶಸ್ತಿ ನ್ಯಾಷನಲ್ ಬುಕ್ ಅವಾರ್ಡ್ ತಪ್ಪಿದಾಗ, 1988ರ ಜನವರಿಯಲ್ಲಿ 48 ಕಪ್ಪು ಲೇಖಕರು ಪತ್ರಿಕೆಯಲ್ಲಿ ಬಹಿರಂಗವಾಗಿ ಅಸಮಾಧಾನ ಹೇಳಿಕೊಂಡರು. ಅದೇ ವರ್ಷ ಅಲ್ಲಿನ ಇನ್ನೊಂದು ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು, 1993ರಲ್ಲಿ ನೊಬೆಲ್. ಆದರೆ ಮನೆಮನೆಗೆ ಅವರನ್ನು ಮುಟ್ಟಿಸಿದ್ದು ಟಿವಿ. 1996ರಲ್ಲಿ ಜನಪ್ರಿಯ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ತಮ್ಮ ಶೋನ ಬುಕ್ ಕ್ಲಬ್‌ಗೆ ಮಾರಿಸನ್ ಅವರ 'ಸಾಂಗ್ ಆಫ್ ಸಾಲೊಮನ್' ಆರಿಸಿದರು. 19 ವರ್ಷ ಹಳೆಯ ಪುಸ್ತಕಕ್ಕೆ ಮತ್ತೆ ಬೇಡಿಕೆ ಬಂತು.

ನನಗೆ ತುಂಬಾ ಇಷ್ಟವಾದದ್ದು 1998ರ ಸಂಗತಿ. ಮಾರಿಸನ್ ಅವರ 'ಪ್ಯಾರಡೈಸ್' ಕಾದಂಬರಿ ತಲೆಗೆ ಹತ್ತಲಿಲ್ಲ ಅಂದ ಓದುಗರನ್ನು ಓಪ್ರಾ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೇ ಕರೆದೊಯ್ದರು. ಮಾರಿಸನ್ ಆಗ ಅಲ್ಲಿ ಪ್ರೊಫೆಸರ್. ಅವರೇ ಎದುರು ಕೂತು ಪಾಠ ಮಾಡಿದರು. ಅರ್ಥವಾಗಲಿಲ್ಲ ಅನ್ನುವುದು ಅಲ್ಲಿ ನಾಚಿಕೆಯ ಮಾತಾಗಲಿಲ್ಲ. ಅಲ್ಲಿಂದಲೇ ಮಾತುಕತೆ ಶುರುವಾಯಿತು.

ನಮ್ಮಲ್ಲಿ? ಎಸ್. ಎಲ್. ಭೈರಪ್ಪನವರಿಗೆ ಜ್ಞಾನಪೀಠ ಬರಲಿಲ್ಲ. ಅವರ ಪುಸ್ತಕಗಳನ್ನು ಜನ ತಾವಾಗಿಯೇ ಹುಡುಕಿಕೊಂಡು ಹೋಗಿ ಓದಿದರು. ಹಾಗೆ ತಾನಾಗಿ ಓದಿಸಿಕೊಳ್ಳುವವರ ಚಿಂತೆ ನನಗಿಲ್ಲ. ಕೈ ಹಿಡಿದು ಕರೆದೊಯ್ಯಬೇಕಾದ ಲೇಖಕರ ಬಗ್ಗೆ ಬೇಸರ. ಜ್ಞಾನಪೀಠ ಪಡೆದ ವಿ. ಕೃ. ಗೋಕಾಕರ ಮಹಾಕಾವ್ಯ 'ಭಾರತ ಸಿಂಧುರಶ್ಮಿ'ಯನ್ನು ಪೂರ್ತಿ ಓದಿದವರು ನಿಮ್ಮ ಪರಿಚಯದಲ್ಲಿ ಎಷ್ಟು ಜನ ಇದ್ದಾರೆ? ಪ್ರಶಸ್ತಿ ಬಂದ ವಾರ ಹಾರ, ಶಾಲು, ಸನ್ಮಾನ. ಆಮೇಲೆ ಪುಸ್ತಕ ಅಂಗಡಿಯಲ್ಲೂ ಸಿಗುವುದಿಲ್ಲ.

ಹೊರನಾಡಿನ ನಾವೂ ಕಡಿಮೆಯೇನಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಎಂಟು ಜ್ಞಾನಪೀಠ ಅಂತ ಜೋರಾಗಿ ಹೇಳಿ ಚಪ್ಪಾಳೆ ತಟ್ಟುತ್ತೇವೆ. ಆ ಎಂಟು ಜನರ ಒಂದಾದರೂ ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡಿದ್ದನ್ನು ನಾನು ಕೇಳಿಲ್ಲ. ಇಲ್ಲಿನ ಸಂಘಗಳಲ್ಲಿ ಹಣವೂ ಇದೆ, ಜನವೂ ಇದ್ದಾರೆ, ಊಟವಂತೂ ಭರ್ಜರಿ. ಕಾರಂತರ 'ಮರಳಿ ಮಣ್ಣಿಗೆ'ಯನ್ನು ಎರಡು ತಿಂಗಳು ಮೊದಲೇ ಹೇಳಿ, ಪ್ರತಿಗಳನ್ನು ತರಿಸಿ ಹಂಚಿ, ಹಬ್ಬದ ದಿನ ಸಿನಿಮಾ ಡ್ಯಾನ್ಸ್ ಒಂದನ್ನು ಬಿಟ್ಟು ಅರ್ಧ ಗಂಟೆ ಅದಕ್ಕೇ ಕೊಡಬಹುದಲ್ವಾ? ಓದಿ ಮುಗಿಸದವರೂ ಬರಲಿ. ಎಲ್ಲಿ ನಿಂತಿತು ಅಂತ ಅವರೇ ಮೊದಲು ಹೇಳಲಿ.