ಸೈಜ್ ಬಿಡಿ, ಟೇಪ್ ಹಿಡಿಯಿರಿ

'ಬಟ್ಟೆಯ ಸೈಜ್ ಒಂದು ಮೇಲೆ ಹೋದರೆ ಆರೋಗ್ಯ ಕೆಡುತ್ತಿದೆ ಅಂತಲೇ ಅರ್ಥ' ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಹೋದ ದೀಪಾವಳಿಗೆ ಮಗಳಿಗೆ ಕುರ್ತಾ ತರಲು ಹೋಗಿದ್ದೆವು. ಒಂದು ಅಂಗಡಿಯಲ್ಲಿ ಎಂ ಸರಿಯಾಯಿತು, ಪಕ್ಕದ ಅಂಗಡಿಯಲ್ಲಿ ಎಕ್ಸ್‌ಎಲ್ ಬೇಕಾಯಿತು. ಅರ್ಧ ಗಂಟೆಯಲ್ಲಿ ಯಾರಾದರೂ ದಪ್ಪ ಆಗ್ತಾರಾ? ಆದರೂ ಅವಳು ಆ ರಾತ್ರಿ ಊಟ ಮಾಡಲಿಲ್ಲ. ಹದಿನಾರು ವರ್ಷದ ಹುಡುಗಿ. ಕರುಳು ಚುರ್ ಅಂದಿತು.

ನಮ್ಮ ಮೈಕಟ್ಟಿಗೆ ತಕ್ಕ ಅಳತೆಪಟ್ಟಿಯೇ ಇರಲಿಲ್ಲ. ಅದಕ್ಕೇ ಅಲ್ವಾ ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ದೇಶದ 25,000 ಜನರ ಅಳತೆ ತೆಗೆಯುವ ಯೋಜನೆ ಹಾಕಿಕೊಂಡಿದ್ದು! ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ ಇರುವಾಗ ಆ ಲೇಬಲ್ ಆರೋಗ್ಯದ ಬಗ್ಗೆ ಏನು ಹೇಳೀತು?

ನೋಡಲೇಬೇಕೆಂದರೆ ಟೇಪ್ ಹಿಡಿದು ಸೊಂಟದ ಸುತ್ತಳತೆ ನೋಡಿ. ನಮ್ಮವರಲ್ಲಿ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಅಪಾಯ ಜಾಸ್ತಿ. ನಮ್ಮ ಯಜಮಾನರು ಇವತ್ತಿಗೂ ಎಂ ಸೈಜಿನ ಶರ್ಟೇ ಹಾಕುವುದು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಐದು ವರ್ಷದಿಂದ ಸಕ್ಕರೆ ಮಾತ್ರೆ ನುಂಗುತ್ತಿದ್ದಾರೆ.

ಮಗಳ ಕುರ್ತಾ ಈಗ ನಮ್ಮ ಬೀದಿಯ ಟೈಲರ್ ಹತ್ತಿರವೇ ಹೊಲಿಸುತ್ತೇವೆ.