ಹಳೆಯ ತೊಟ್ಟಿಲಿಗೆ ಬಣ್ಣ ಹೊಡೆಸಬೇಡಿ

ನಿಮ್ಮ ಮನೆಯಲ್ಲಿ ಹಳೆಯ ಕಿನ್ನಾಳ ತೊಟ್ಟಿಲು, ಅಂದರೆ ಕಿನ್ನಾಳ ಊರಿನ ಚಿತ್ರ ಬರೆದ ಮರದ ತೊಟ್ಟಿಲು, ಇದ್ದರೆ ದಯವಿಟ್ಟು ಅದಕ್ಕೆ ಎನಾಮೆಲ್ ಪೇಂಟ್ ಹೊಡೆಸಬೇಡಿ. ನಮ್ಮ ಮನೆಯಲ್ಲಿ ಆ ತಪ್ಪು ಆಗಿಹೋಗಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿಯ ಚೊಚ್ಚಲ ಬಾಣಂತನಕ್ಕೆ ಅವಳ ತವರಿನವರು ಕಿನ್ನಾಳದಲ್ಲಿ ಹೇಳಿ ಮಾಡಿಸಿ ಕಳಿಸಿದ ತೊಟ್ಟಿಲು ಅದು. ಅಪ್ಪ, ಕಾಕಾ, ಇಬ್ಬರು ಅತ್ತೆಯರು, ಆಮೇಲೆ ನಾವು ಏಳು ಮಂದಿ ಮೊಮ್ಮಕ್ಕಳು, ಎಲ್ಲರೂ ಅದರಲ್ಲೇ ಮಲಗಿದವರು. ಓಣಿಯಲ್ಲಿ ಯಾರ ಮನೆಯಲ್ಲಿ ಹೆಸರಿಡುವ ಕಾರ್ಯ ಇದ್ದರೂ ನಮ್ಮ ತೊಟ್ಟಿಲೇ ಹೋಗುತ್ತಿತ್ತು. ಮೊದಲು ಗುಂಡಕಲ್ಲು ಮಲಗಿಸಿ ತೂಗುವುದು, ಆಮೇಲೆ ಒಬ್ಬಾಕೆ ಕೂಸನ್ನು ತೊಟ್ಟಿಲ ಕೆಳಗಿನಿಂದ ಕೊಟ್ಟರೆ ಇನ್ನೊಬ್ಬಾಕೆ ಮೇಲಿನಿಂದ ಇಸಿದುಕೊಳ್ಳುವುದು. ಅಜ್ಜಿ ಪಕ್ಕದಲ್ಲೇ ನಿಂತು ತೊಟ್ಟಿಲಿಗೆ ಯಾರ ಬಳೆ ತಾಗೀತೋ ಎಂದು ನೋಡುತ್ತಿದ್ದಳು.

ಸುಮಾರು ಇಪ್ಪತ್ತೈದು ವರ್ಷದ ಹಿಂದೆ, ಮನೆಯಲ್ಲೊಂದು ಮದುವೆ. ಸುಣ್ಣಬಣ್ಣ ಮಾಡಿಸುವಾಗ ಬಾಗಿಲಿಗೆ ತಂದ ನೀಲಿ ಬಣ್ಣ ಉಳಿಯಿತು. ಹಳೇದು ಹೊಸದಾಗಲಿ ಎಂಬ ಪ್ರೀತಿಯಿಂದಲೇ ಕಾಕಾ ತೊಟ್ಟಿಲಿಗೂ ಹೊಡೆಸಿದರು. ಮೂರು ಹಲಗೆ ಆಗುವಷ್ಟರಲ್ಲಿ ಡಬ್ಬಿ ಬರಿದಾಯಿತು. ಗೋಡೆ ಕಡೆಯ ಒಂದು ಹಲಗೆ ಹಾಗೇ ಉಳಿಯಿತು.

ಆ ಹಲಗೆಯನ್ನು ಈಗ ನಾನು ಗಂಟೆಗಟ್ಟಲೆ ನೋಡುತ್ತೇನೆ. ಬೆಣ್ಣೆ ಗಡಿಗೆಗೆ ಕೈ ಹಾಕಿದ ಕೃಷ್ಣ, ಮೇಲೆ ಎರಡು ಗಿಳಿ. ಕೃಷ್ಣನ ಕೊರಳ ಸರ ಬರೀ ಬಣ್ಣದ ಗೆರೆಯಲ್ಲ, ಉಬ್ಬಿ ನಿಂತಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಒಂದೊಂದು ಮಣಿಯೂ ಸಿಗುತ್ತದೆ. ಎಡಗಡೆಯ ಗಿಳಿಯ ರೆಕ್ಕೆಯಲ್ಲಿ ಕುಂಚ ಜಾರಿ ಗೆರೆಯೊಂದು ಹೊರಗೆ ಹೋಗಿದೆ. ಬರೆದವರು ಅದನ್ನು ಅಳಿಸಿಲ್ಲ, ಸಣ್ಣ ಎಲೆ ಮಾಡಿಬಿಟ್ಟಿದ್ದಾರೆ.

ಕಿನ್ನಾಳ ಕೊಪ್ಪಳಕ್ಕೆ ಹತ್ತಿರದ ಊರು. ಅಲ್ಲಿಯ ಚಿತ್ರಗಾರರ ಮನೆತನಗಳಲ್ಲಿ ತೊಟ್ಟಿಲು, ಗೊಂಬೆ ಮಾಡುವ ಈ ಕೆಲಸ ತಲೆಮಾರುಗಳಿಂದ ಬಂದದ್ದು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳು ಇವರ ಹಿರಿಯರವೇ ಎಂಬ ನಂಬಿಕೆಯೂ ಇದೆ. ಹಗುರ ಮರವನ್ನು ಕೆತ್ತಿ, ಜೋಡಿಸಿದ ಸಂದುಗಳಿಗೆ ‘ಕಿಟ್ಟ’ ತುಂಬುತ್ತಾರೆ. ಗೋಣಿನಾರನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿಮಾಡಿ ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಅದೇ ಕಿಟ್ಟ. ಮೇಲೆ ಬಿಳಿ ಲೇಪ, ಅದರ ಮೇಲೆ ಬಣ್ಣ. ಒಡವೆಗಳನ್ನು ಉಬ್ಬಿಸುವುದಕ್ಕೆ ಕಲ್ಲಿನ ಪುಡಿ ಮತ್ತು ಅಂಟು. ಹೊಳಪಿಗೆ ತವರ ಎಂಬ ಲೋಹದ ಪುಡಿ, ಅದಕ್ಕೆ ಲಾಜವಾರ ಎನ್ನುತ್ತಾರೆ. ಮನೆಯ ಹೆಂಗಸರ ಕೈಯೂ ಇದರಲ್ಲಿ ದುಡಿದಿರುತ್ತದೆ.

ಇಷ್ಟು ನವಿರಾದ ಪದರಗಳ ಮೇಲೆ ಪೇಂಟಿನವರು ಮೊದಲು ಮಾಡುವ ಕೆಲಸ ಉಪ್ಪುಕಾಗದ ಉಜ್ಜುವುದು. ಅಂಥ ಮಣಿಗಳ ಕಥೆ ಅಲ್ಲಿಗೇ ಮುಗಿಯಿತು.

ಹೋದ ವರ್ಷ ತೊಟ್ಟಿಲನ್ನು ಟೆಂಪೋದಲ್ಲಿ ಹಾಕಿಕೊಂಡು ಕಿನ್ನಾಳಕ್ಕೇ ಹೋದೆ. ನೀಲಿ ತೆಗೆಸಿ ಕೆಳಗಿನ ಚಿತ್ರ ಹೊರಗೆ ತರಿಸಬೇಕೆಂಬ ಆಸೆ. ಅಲ್ಲಿಯ ಹಿರಿಯರೊಬ್ಬರು ಹಲಗೆಯನ್ನು ಬೆಳಕಿಗೆ ವಾರೆ ಹಿಡಿದು ನೋಡಿದರು. “ಕೆರೀಬ್ಯಾಡ್ರಿ. ಕೆರದ್ರ ಕೆಳಗಿಂದೂ ಎದ್ದ ಬರತೈತಿ. ಹಿಂಗ ಇರ್ಲಿ ಬಿಡ್ರಿ,” ಅಂದರು. ಯಾರ ಕೈಕೆಲಸ ಅಂತ ಗುರುತು ಸಿಗುತ್ತದಾ ಎಂದು ಕೇಳಿದೆ. ಗಿಳಿಯ ಕೊಕ್ಕನ್ನು ಬಹಳ ಹೊತ್ತು ನೋಡಿ, “ನಮ್ಮ ಓಣಿದ ಐತ್ರಿ. ಹೆಸರು, ನಿಮ್ಮಜ್ಜಿ ಇದ್ದಾಗ ಕೇಳಿಟ್ಕೋಬೇಕಿತ್ರಿ,” ಅಂದರು.

ಆ ಮಾತು ಇವತ್ತಿಗೂ ಚುಚ್ಚುತ್ತದೆ. ತೊಟ್ಟಿಲು ಯಾರ ತವರಿನದು, ಯಾರ ಬಾಣಂತನದ್ದು, ಅದರಲ್ಲಿ ಯಾರ್‍ಯಾರು ಮಲಗಿದ್ದರು, ಎಲ್ಲ ನಮಗೆ ಬಾಯಿಪಾಠ. ತಿಂಗಳುಗಟ್ಟಲೆ ಕೂತು ಗಿಳಿ ಬರೆದವರ ಹೆಸರು ಮಾತ್ರ ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕಿನ್ನಾಳ ಕಲೆಗೆ ಜಿಐ, ಅಂದರೆ ಆ ಊರಿನದೇ ಎಂಬ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿದೆ. 2022ರ ಗಣರಾಜ್ಯೋತ್ಸವದಲ್ಲಿ ನಮ್ಮ ರಾಜ್ಯದ ಸ್ತಬ್ಧಚಿತ್ರದ ಹೆಸರೇ ಸಾಂಪ್ರದಾಯಿಕ ಕರಕುಶಲ ಕಲೆಗಳ ತೊಟ್ಟಿಲು, ಅದರಲ್ಲಿ ಕಿನ್ನಾಳವೂ ಇತ್ತು. ನೋಡಿ ಕಣ್ಣು ತುಂಬಿತ್ತು ನನಗೆ. ಆದರೆ ಊರಿನ ಹೆಸರು ಉಳಿದರೆ ಸಾಲದು, ಮಾಡಿದವರ ಹೆಸರೂ ಉಳಿಯಬೇಕು. ಹಾಡಿದವರ ಹೆಸರು, ಕಾದಂಬರಿ ಬರೆದವರ ಹೆಸರು ಕೇಳುವ ನಾವು ಗೊಂಬೆ ಕೊಳ್ಳುವಾಗ ರೇಟು ಕೇಳಿ ಸುಮ್ಮನಾಗುತ್ತೇವೆ.

ಮನೆಯಲ್ಲಿ ಅಜ್ಜಿ, ಅಮ್ಮ, ದೊಡ್ಡಮ್ಮ ಇದ್ದರೆ ಇವತ್ತೇ ಕೇಳಿ. ಗೌರಿ ಗೊಂಬೆ ಎಲ್ಲಿಂದ ಬಂತು, ಮಣೆಗೆ ಚಿತ್ರ ಬರೆದವರು ಯಾರು ಎಂದು ಕೇಳಿ, ಚೀಟಿಯಲ್ಲಿ ಬರೆದು ವಸ್ತುವಿನ ಜೊತೆಗೇ ಇಡಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಣಗಿದ ಮೆತ್ತನೆ ಬಟ್ಟೆ ಸಾಕು. ಬಿಸಿಲಿಗೂ ಇಡಬೇಡಿ.

ಬರುವ ತಿಂಗಳು ತಂಗಿಯ ಮಗಳಿಗೆ ಹೆಸರಿಡುವುದಿದೆ. ತೊಟ್ಟಿಲು ಮೂರು ನೀಲಿ ಹಲಗೆಯೊಂದಿಗೇ ಹೋಗುತ್ತದೆ, ಈ ಸಲ ಕೃಷ್ಣನ ಹಲಗೆ ಮುಂದಿನ ಕಡೆ. ಅಡಿಯಲ್ಲಿ ಚೀಟಿ ಅಂಟಿಸಿದ್ದೇನೆ: ‘ಕಿನ್ನಾಳ, ಚಿತ್ರಗಾರರ ಓಣಿ.’ ಅದರ ಮುಂದೆ ಒಂದು ಹೆಸರಿಗೆ ಆಗುವಷ್ಟು ಜಾಗ ಬಿಟ್ಟಿದ್ದೇನೆ.